ಕೈಯಾರೆ ಕೊಟ್ಟ ಬೆಲ್ಲ

“ಹೋಗುವುದಾದರೆ ಹೋಗು, ನಾನು ಬೇಡ ಅಂತ ಹೇಳುವುದಿಲ್ಲ. ಆದರೆ ಆ ತೋಟದ ಬೆಲ್ಲವನ್ನು ನಿನ್ನ ಕೈಯಾರೆ ಮಗುವಿಗೆ ಕೊಡಬೇಡ.”

ಮ್ಯಾಗ್ಡಲಿನ್ ಬಾಯಿ ಈ ಮಾತು ಹೇಳಿದ್ದು ಹಿತ್ತಿಲ ಕಲ್ಲಿನ ಮೇಲೆ ಬಂಗುಡೆ ಮೀನು ಉಜ್ಜುತ್ತಾ. ಲೀನಾ ನಕ್ಕುಬಿಟ್ಟಳು. ಭಾನುವಾರ ಇಗರ್ಜಿಯ ಮುಂದಿನ ಸಾಲಿನಲ್ಲಿ ಮೊಣಕಾಲೂರುವ ಬಾಯಿ, ವಾರದ ಉಳಿದ ದಿನಗಳಲ್ಲಿ ಭೂತ, ದೃಷ್ಟಿ, ಮಾಟ ಎಲ್ಲವನ್ನೂ ಸಮನಾಗಿ ನಂಬುತ್ತಿದ್ದರು. ದೇವರಿಗೂ ಬೇಜಾರಾಗಬಾರದು, ದೆವ್ವಕ್ಕೂ ಬೇಜಾರಾಗಬಾರದು ಎನ್ನುವ ಜಾತಿ. ಲೀನಾ ಬಂದು ಬಾಡಿಗೆಗೆ ನಿಂತ ದಿನವೇ ಅವಳ ಮಗಳು ರೇಚಲ್‌ಳ ಕೆನ್ನೆಗೆ ಕಾಡಿಗೆಯ ಬೊಟ್ಟು ಇಟ್ಟು, ಮೇಲಿನಿಂದ ಶಿಲುಬೆಯ ಗುರುತು ಹಾಕಿದ್ದರು.

ಲೀನಾ ವಿಜ್ಞಾನದ ಟೀಚರು. ಗಂಡ ಆಸ್ಟಿನ್ ಮಸ್ಕತ್‌ನಲ್ಲಿ ತೀರಿಕೊಂಡ ಮೇಲೆ ಮಗಳು ರೇಚಲ್‌ಳನ್ನು ಕಟ್ಟಿಕೊಂಡು ಊರಿಗೆ ಬಂದವಳು. ಊರು ಎನ್ನುವುದು ಹೆಸರಿಗೆ ಮಾತ್ರ. ಅವಳು ಹುಟ್ಟಿ ಬೆಳೆದದ್ದು ಮುಂಬಯಿಯಲ್ಲಿ. ತಂದೆ ತಾಯಿ ಇಲ್ಲ. ಗಂಡನ ಅಣ್ಣಂದಿರು ಮಣ್ಣು ಮಾಡಿದ ಮರುದಿನದಿಂದ ಫೋನ್ ಎತ್ತುವುದನ್ನು ಬಿಟ್ಟಿದ್ದರು. ಮಣಿಪಾಲದ ದಾರಿಯ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು, ಪರ್ಕಳದಲ್ಲಿ ಬಾಯಿಯ ಮಹಡಿ ಸಿಕ್ಕಿತು. ಎರಡನ್ನೂ ಕೊಡಿಸಿದವರು ಶಾಲೆಯ ಹೆಡ್‌ಮಿಸ್ಸು ಶ್ರೀವಾಣಿ ಮೇಡಂ.

ಬಾಯಿಯ ತವರು ಕಾರ್ಕಳದ ಆಚೆ, ಘಟ್ಟದ ಬುಡದಲ್ಲಿ. ಅಲ್ಲಿ ಬ್ರಿಟಿಷರ ಕಾಲದ ಮಾರ್ಟನ್ ತೋಟ ಇದೆ. ಕಾಳುಮೆಣಸು, ಕಾಫಿ, ನಡುವೆ ದೊರೆಯ ಬಂಗಲೆ. ಕೂಲಿಯಾಳುಗಳು ಹೊಡೆತ ತಡೆಯಲಾಗದೆ ಓಡಿಹೋಗುತ್ತಿದ್ದ ಕಾಲದಲ್ಲಿ ದೊರೆ ಒಬ್ಬ ಮಂತ್ರವಾದಿಯನ್ನು ಕರೆಸಿದನಂತೆ. ಆ ಮಂತ್ರವಾದಿ ತಗಡು ಹೂಳಲಿಲ್ಲ, ಕೋಳಿ ಕೊಯ್ಯಲಿಲ್ಲ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು ಕೊಟ್ಟು ಆಮೇಲೆ ಮಾತಾಡಿಸುವ ಪದ್ಧತಿ ಉಂಟಲ್ಲ, ಅದಕ್ಕೇ ಮಾಟ ಮಾಡಿಟ್ಟ. ಆಳುಗಳ ಮನೆಯ ಹಿರಿಯನೇ ಬಂಗಲೆಯ ಮೆಟ್ಟಿಲ ಮೇಲೆ ನಿಂತು ತನ್ನ ಮಕ್ಕಳ ಅಂಗೈಗೆ ಬೆಲ್ಲ ಇಡಬೇಕು. ಅಪ್ಪ ಕೊಟ್ಟದ್ದಲ್ಲವೇ ಎಂದು ಮಕ್ಕಳು ತಿನ್ನುತ್ತಿದ್ದವು. ತಿಂದವರು ತೋಟದವರಾದರು. ಆಮೇಲೆ ಓಡಿಹೋದರೂ ಓಡುವುದು ಬರೀ ದೇಹ. ಒಳಗಿನ ಜೀವ ತೋಟದಲ್ಲೇ ಮೆಣಸು ಬಿಡಿಸುತ್ತಾ ಉಳಿಯುತ್ತಿತ್ತು. ಬಾಯಿ ಇಷ್ಟನ್ನೂ ಹೇಳಿ ಮುಗಿಸುವಷ್ಟರಲ್ಲಿ ಬಂಗುಡೆಗಳೂ ಮುಗಿದಿದ್ದವು.

“ಬಾಯಿ, ಬೆಲ್ಲದಲ್ಲಿ ಇರುವುದು ಸುಕ್ರೋಸ್” ಎಂದಳು ಲೀನಾ. “ಮತ್ತೆ, ಶಾಲೆಯ ಪ್ರವಾಸಕ್ಕೆ ಕರೆದುಕೊಂಡು ಹೋಗುವುದು ಶ್ರೀವಾಣಿ ಮೇಡಂ. ಅವರು ನನಗೆ ಕೆಟ್ಟದ್ದು ಮಾಡ್ತಾರಾ?”

ಬಾಯಿ ಮೀನಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದರು. ಮೇಡಂ ಅಲ್ಲಿಯವರೆಗೆ ಮಾಡಿದ್ದೆಲ್ಲ ಒಳ್ಳೆಯದೇ. ಸಂದರ್ಶನದಲ್ಲಿ ಅಂಕಪಟ್ಟಿ ನೋಡುವುದಕ್ಕಿಂತ ಮೊದಲು ಅವರು ಕೇಳಿದ್ದು ಮಗಳ ಬಗ್ಗೆ. ಆ ಒಂದೇ ಮಾತಿಗೆ ಲೀನಾಳ ಕಣ್ಣು ತುಂಬಿ ಬಂದಿತ್ತು. ರೇಚಲ್‌ಳಿಗೆ ಡೆಂಗ್ಯೂ ಬಂದಾಗ ಆಸ್ಪತ್ರೆಯಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತವರು ಅವರು. ಮಟ್ಟುಗುಳ್ಳ ಬದನೆಯ ಕಾಲದಲ್ಲಿ ಅದರ ಸಾಂಬಾರು, ಕೊದ್ದೆಲು ಮಾಡಿ ಡಬ್ಬಿಯಲ್ಲಿ ತಂದುಕೊಟ್ಟವರು ಅವರು. ಕ್ರಿಸ್ಮಸ್ಸಿಗೆ ರೇಚಲ್‌ಳಿಗೆ ನೀಲಿ ಫ್ರಾಕ್ ಹೊಲಿಸಿದರು, ಅಳತೆ ಒಂದಿಷ್ಟೂ ತಪ್ಪಿರಲಿಲ್ಲ. ಅವರಿಗೂ ಒಬ್ಬಳೇ ಮಗಳು, ಸಂಹಿತಾ. ಸಣ್ಣವಳಿರುವಾಗಿನಿಂದ ಹುಷಾರಿಲ್ಲ, ಮನೆಯಿಂದ ಹೊರಗೆ ಬರುವುದಿಲ್ಲ. ಅಷ್ಟು ನೋವಿದ್ದೂ ಇನ್ನೊಬ್ಬರ ಮಗುವನ್ನು ಹೀಗೆ ಮುದ್ದಿಸುವ ಮನಸ್ಸು ಎಷ್ಟು ಜನರಿಗೆ ಇರುತ್ತದೆ ಎಂದು ಲೀನಾ ಬಾಯಿಯ ಮುಂದೆ ಎಷ್ಟೋ ಸಲ ಹೇಳಿದ್ದಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಅವಳು ಮಕ್ಕಳಿಗೆ ಸುಣ್ಣದ ನೀರಿನ ಪ್ರಯೋಗ ತೋರಿಸುವಾಗ ಮಾತ್ರ ಬಳಸುತ್ತಿದ್ದಳು.

ಪ್ರವಾಸದ ದಿನ ಬಸ್ಸು ಹಿರಿಯಡ್ಕ ದಾಟಿ, ಕಾರ್ಕಳ ದಾಟಿ, ಘಟ್ಟದ ಕಡೆಗೆ ತಿರುಗಿತು. ಮಕ್ಕಳು ಹಾಡಿ ಹಾಡಿ ಗಂಟಲು ಕಟ್ಟಿಸಿಕೊಂಡಿದ್ದರು. ರೇಚಲ್ ಕಿಟಕಿಯ ಪಕ್ಕ ಕೂತು, ಮಮ್ಮಿ ಎಂದು ಕರೆಯಬಾರದು, ಶಾಲೆಯಲ್ಲಿ ಮಿಸ್ ಎನ್ನಬೇಕು ಎಂಬ ಒಪ್ಪಂದವನ್ನು ಮತ್ತೆ ಮತ್ತೆ ಮುರಿಯುತ್ತಿದ್ದಳು. ರಸ್ತೆ ಕಿರಿದಾಯಿತು. ಮರಗಳು ದಟ್ಟವಾದವು. ಮೊಬೈಲಿನ ಸಿಗ್ನಲ್ ಹೋಯಿತು. ಆಮೇಲೆ ಗಾಳಿಯಲ್ಲಿ ಮೆಣಸಿನ ಘಾಟು ಬಂತು, ಹಸಿ ಕಾಳುಮೆಣಸಿನದು, ಮೂಗಿನ ತುದಿ ಉರಿಯುವಂಥದ್ದು.

ಮಾರ್ಟನ್ ತೋಟವನ್ನು ಈಗಿನ ಮಾಲೀಕರು ಶಾಲೆಗಳಿಗಾಗಿಯೇ ಸಿಂಗರಿಸಿ ಇಟ್ಟಿದ್ದರು. ದೊರೆಯ ಕುರ್ಚಿ, ದೊರೆಯ ಬಂದೂಕು, ದೊರೆಸಾನಿಯ ಪಿಯಾನೊ. ಹೊಡೆಯುತ್ತಿದ್ದ ಚಾಟಿಗೆ ಗಾಜಿನ ಪೆಟ್ಟಿಗೆ. ಇದೆಲ್ಲ ಮುಗಿದ ಮೇಲೆ ‘ಒಂದು ದಿನದ ಆಳು’ ಎಂಬ ಆಟ: ಮಕ್ಕಳು ಅಡಿಕೆ ಹಾಳೆಯ ಟೊಪ್ಪಿ, ಮುಟ್ಟಾಳೆ ತಲೆಗಿಟ್ಟು, ಬುಟ್ಟಿ ಹಿಡಿದು, ಗಂಟೆ ಹೊಡೆದ ಕೂಡಲೇ ಸಾಲಾಗಿ ನಿಲ್ಲಬೇಕು. ಯಾರದೋ ಮುತ್ತಜ್ಜಿ ಬೆನ್ನು ಮುರಿದುಕೊಂಡು ಮಾಡಿದ ದುಡಿಮೆ, ಅವಳ ಮರಿಮಕ್ಕಳಿಗೆ ಫೋಟೋ ತೆಗೆಸಿಕೊಳ್ಳುವ ಆಟವಾಗಿತ್ತು. ತೋಟದ ಗೈಡು ಲಿಯೋನೆಲ್ ಅದನ್ನು ನಗುನಗುತ್ತಲೇ ವಿವರಿಸಿದ.

ಮೊದಲು ಅವರನ್ನು ಮೆಣಸಿನ ಗೋದಾಮಿಗೆ ಕರೆದುಕೊಂಡು ಹೋದರು. ಕಿಟಕಿಯಿಲ್ಲದ ಕಲ್ಲಿನ ಕಟ್ಟಡ. ಹೊರಗೆ ಸುಡುವ ಮಧ್ಯಾಹ್ನ, ಒಳಗೆ ಕೈ ಚಾಚಿದರೆ ಕೈ ಕಾಣದ ಕತ್ತಲೆ. ಗೋಣಿಯ ಕಮಟು, ಇಲಿಯ ವಾಸನೆ, ಅದರಡಿಯಲ್ಲಿ ಇನ್ನೇನೋ, ತುಂಬ ಜನ ಬೆವರಿ ಒತ್ತಾಗಿ ನಿಂತರೆ ಬರುವ ಉಸಿರಿನ ಬಿಸಿ. ಮಕ್ಕಳು ಒಮ್ಮೆಲೇ ಸುಮ್ಮನಾದರು. ಆ ಮೌನದಲ್ಲಿ ಲೀನಾಳಿಗೆ ಸರಸರ ಸದ್ದು ಕೇಳಿಸಿತು. ಅಂಗಾಲಿನಿಂದ ಮೆಣಸಿನ ಕೊತ್ತು ತುಳಿದು ಕಾಳು ಬಿಡಿಸುವ ಸದ್ದು, ಒಬ್ಬರದಲ್ಲ, ಹಲವರದು. ಟಾರ್ಚ್ ಹಾಕಿದಳು. ಖಾಲಿ ನೆಲ. ಇಲಿ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡು ಮಕ್ಕಳನ್ನು ಹೊರಗೆ ಹೊರಡಿಸಿದಳು.

ಬಂಗಲೆಯ ಮೆಟ್ಟಿಲ ಮೇಲೆ ಹಿತ್ತಾಳೆಯ ತಟ್ಟೆ, ತಟ್ಟೆಯಲ್ಲಿ ಕಪ್ಪು ಬೆಲ್ಲದ ಚೂರುಗಳು, ಪಕ್ಕದಲ್ಲಿ ನೀರಿನ ಗಿಂಡಿ. ಪ್ರತಿ ಸಲ ಬೆಲ್ಲ ಹಂಚುವುದು ಲಿಯೋನೆಲ್. ಅಂದು ಶ್ರೀವಾಣಿ ಮೇಡಂ ಅವನ ಕೈಯಿಂದ ತಟ್ಟೆ ತೆಗೆದುಕೊಂಡು ಲೀನಾಳ ಕೈಗೆ ಕೊಟ್ಟರು. ಟೀಚರ್ ಕೊಟ್ಟರೆ ಫೋಟೋ ಚೆನ್ನಾಗಿ ಬರುತ್ತದೆ ಎಂದರು.

ಲೀನಾ ಹಂಚತೊಡಗಿದಳು. ಒಂದೊಂದೇ ಪುಟ್ಟ ಅಂಗೈ. ಬೆಲ್ಲ ಜಿಗುಟಾಗಿತ್ತು, ಬೆರಳಿಗೆ ಅಂಟುತ್ತಿತ್ತು. ರೇಚಲ್‌ಳ ಸರದಿ ಬಂದಾಗ ಬಾಯಿಯ ಮಾತು ನೆನಪಾಗಿ ಅವಳ ಕೈ ತಾನಾಗಿ ನಿಂತಿತು. ಹಿಂದೆ ನಿಂತಿದ್ದ ಮಕ್ಕಳು ತಳ್ಳಿದರು. ರೇಚಲ್ ಮುಟ್ಟಾಳೆಯ ಕೆಳಗಿನಿಂದ ಮುಖ ಎತ್ತಿ ನೋಡಿದಳು.

“ಎಂತ ಲೀನಾ, ನಿನ್ನ ಮಗಳಿಗೆ ಮಾತ್ರ ಇಲ್ವಾ?” ಎಂದರು ಮೇಡಂ, ತಮಾಷೆಯ ದನಿಯಲ್ಲಿ.

ಮಕ್ಕಳು ನಕ್ಕರು. ಲೀನಾಳಿಗೆ ನಾಚಿಕೆಯಾಯಿತು. ತರಗತಿಯಲ್ಲಿ ನಿಂಬೆಹಣ್ಣು ಕುಂಕುಮವನ್ನು ಗೇಲಿ ಮಾಡುವ ಟೀಚರು, ಒಂದು ಚೂರು ಬೆಲ್ಲಕ್ಕೆ ಹೆದರುವುದೇ? ಅಲ್ಲದೆ, ಕೈಚಾಚಿದವರಿಗೆ ಬೆಲ್ಲ ನೀರು ಕೊಡದೆ ಕಳಿಸುವುದು ಈ ಸೀಮೆಯಲ್ಲಿ ಕೆನ್ನೆಗೆ ಹೊಡೆದ ಹಾಗೆ. ಅವಳು ದೊಡ್ಡದೊಂದು ಚೂರನ್ನೇ ಆರಿಸಿ ಮಗಳ ಅಂಗೈಗಿಟ್ಟಳು. ಬೆನ್ನ ಹಿಂದೆ ಮೇಡಂ ಏನೋ ಪಿಸುಗುಟ್ಟುವುದು ಕೇಳಿಸಿತು, ಅದೇ ಶಬ್ದ ಮತ್ತೆ ಮತ್ತೆ. ಸ್ತೋತ್ರ ಇರಬೇಕು ಎಂದುಕೊಂಡಳು. ರೇಚಲ್ ಬೆಲ್ಲ ಬಾಯಿಗೆ ಹಾಕಿ, ನೀರು ಕುಡಿದು, ಮೆಟ್ಟಿಲಿಳಿದು ಹೋದಳು.

ಹಿಂದೆ ಬರುವಾಗ ಬಸ್ಸಿನಲ್ಲಿ ಅವಳು ಹಾಡಲಿಲ್ಲ. ಗಾಡಿ ಹತ್ತಿದರೆ ನಿದ್ದೆ ಮಾಡುವ ಹುಡುಗಿ ರೆಪ್ಪೆಯನ್ನೂ ಮುಚ್ಚದೆ ಹಿಂದಿನ ಗಾಜಿನಿಂದ ಘಟ್ಟದ ಕಡೆಗೇ ನೋಡುತ್ತಿದ್ದಳು. ಸುಸ್ತಾಗಿರಬೇಕು ಎಂದರು ಮೇಡಂ, ಅವಳ ತಲೆ ಸವರಿ. ಅವರ ಕಣ್ಣಲ್ಲಿ ನೀರಿತ್ತು. ಲೀನಾ ಆ ನೀರನ್ನು ಪ್ರೀತಿ ಎಂದು ತಿಳಿದಳು.

ಮರುದಿನ ಸಂಜೆಯಿಂದ ಶುರುವಾಯಿತು. ಹೊತ್ತು ಇಳಿಯುತ್ತಿದ್ದ ಹಾಗೆ ರೇಚಲ್ ಹೋಂವರ್ಕ್ ಬಿಟ್ಟೆದ್ದು ಅಂಗಳದಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಂತಳು. ಎರಡೂ ಕೈ ಮೇಲೆತ್ತಿ ಕಾಣದ ಬಳ್ಳಿಯಿಂದ ಏನನ್ನೋ ಬಿಡಿಸಿ ಬಿಡಿಸಿ ಸೊಂಟದ ಬಳಿಗೆ ಹಾಕತೊಡಗಿದಳು. ಕರೆದರೆ ತಿರುಗಲಿಲ್ಲ. ಕತ್ತಲಾದ ಮೇಲೆ ಒಳಗೆ ಬಂದು, ಅನ್ನದ ತಟ್ಟೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಯಾರಾದರೂ ಕಸಿದುಕೊಂಡಾರು ಎಂಬಂತೆ ಬೇಗ ಬೇಗ ತಿಂದಳು. ಬೆರಳುಗಳಿಂದ ಮೆಣಸಿನ ವಾಸನೆ. ಸೋಪು ಹಾಕಿ ತೊಳೆದರೂ ಹೋಗದ ವಾಸನೆ. ವಾರ ಕಳೆಯುವುದರೊಳಗೆ ಉಗುರಿನ ಸಂದು ಕಪ್ಪಾಯಿತು, ಅಂಗಾಲು ಬಿರುಕು ಬಿಟ್ಟಿತು.

ಡಾಕ್ಟರರು ರಕ್ತ ಪರೀಕ್ಷೆ ಮಾಡಿದರು, ತಲೆಯ ಸ್ಕ್ಯಾನ್ ಮಾಡಿದರು, ಎಲ್ಲವೂ ಸರಿಯಾಗಿದೆ ಎಂದರು. ತಂದೆಯನ್ನು ಕಳೆದುಕೊಂಡ ಮಗು, ಮನಸ್ಸಿನ ಮೇಲೆ ಪರಿಣಾಮವಾಗಿರಬಹುದು ಎಂದು ಮಾತ್ರೆ ಬರೆದುಕೊಟ್ಟರು. ಈ ನಡುವೆ ರೇಚಲ್ ಒಂದೊಂದಾಗಿ ಮರೆಯುತ್ತಾ ಹೋದಳು. ಮೊದಲು ಮಗ್ಗಿ. ಆಮೇಲೆ ಮಲಗುವ ಮುನ್ನದ ಪ್ರಾರ್ಥನೆ. ಗೋಡೆಯ ಮೇಲಿನ ಆಸ್ಟಿನ್‌ನ ಫೋಟೋ ತೋರಿಸಿ ಇದು ಯಾರು ಎಂದು ಲೀನಾ ಕೇಳಿದಾಗ ಬಹಳ ಹೊತ್ತು ನೋಡಿ, “ದೊರೆಯಾ?” ಎಂದು ಕೇಳಿದಳು.

ಲೀನಾ ಬಾಯಿಯ ಕಾಲಬುಡದಲ್ಲಿ ಕೂತು ಅತ್ತಳು. ಬಾಯಿ ಬೈಯಲಿಲ್ಲ, ನಾನು ಹೇಳಿದ್ದೆನಲ್ಲ ಎನ್ನಲೂ ಇಲ್ಲ. ಬೆಲ್ಲ ಕೊಡುವಾಗ ಹತ್ತಿರ ಯಾರಿದ್ದರು ಎಂದಷ್ಟೇ ಕೇಳಿದರು. ಶ್ರೀವಾಣಿ ಮೇಡಂ ಪ್ರವಾಸದ ಮರುದಿನದಿಂದ ರಜೆಯಲ್ಲಿದ್ದರು. ಫೋನ್ ಎತ್ತುತ್ತಿರಲಿಲ್ಲ. ಆಗಲೂ ಲೀನಾಳಿಗೆ ಬಂದ ಯೋಚನೆ ಅವರಿಗೇನಾದರೂ ಹುಷಾರಿಲ್ಲವೋ ಏನೋ ಎಂಬುದು. ನಂಬಿಕೆ ಎನ್ನುವುದು ಅಷ್ಟು ಬೇಗ ಸಾಯುವುದಿಲ್ಲ.

ಕೊನೆಗೆ ಅವಳು ಉಡುಪಿಯ ಕಡಿಯಾಳಿಯ ಹತ್ತಿರದ ಮೇಡಂ ಮನೆಗೆ ಹೋದಳು. ಬಾಗಿಲು ತೆರೆದದ್ದು ಎತ್ತರದ ಒಬ್ಬ ಹುಡುಗಿ, ಕಾಲೇಜಿಗೆ ಹೋಗುವ ವಯಸ್ಸಿನವಳು. ಎರಡು ಜಡೆ ಹಾಕಿ ಚಿಕ್ಕ ಮಕ್ಕಳ ರಿಬ್ಬನ್ ಕಟ್ಟಿದ್ದಳು. ಅಮ್ಮ ಕೃಷ್ಣಮಠಕ್ಕೆ ಹರಕೆ ಸಲ್ಲಿಸಲು ಹೋಗಿದ್ದಾರೆ, ಈಗ ಬರುತ್ತಾರೆ ಎಂದಳು ಪುಟ್ಟ ಹುಡುಗಿಯ ರಾಗದಲ್ಲಿ. ಆಮೇಲೆ ಒಳಗೆ ಓಡಿ, ಬಂದವರಿಗೆ ಕೊಡಬೇಕಾದದ್ದನ್ನು ತಟ್ಟೆಯಲ್ಲಿಟ್ಟು ತಂದಳು. ಒಂದು ಚೂರು ಬೆಲ್ಲ, ಒಂದು ಲೋಟ ನೀರು. ತಟ್ಟೆ ಹಿಡಿದ ಬೆರಳುಗಳ ಉಗುರಿನ ಬುಡದಿಂದ ಹೊಸ ಉಗುರು ಬಿಳಿಯಾಗಿ ಬರುತ್ತಿತ್ತು. ತುದಿ ಇನ್ನೂ ಕಪ್ಪಾಗಿಯೇ ಇತ್ತು.

ಲೀನಾ ಗೋಡೆ ಹಿಡಿದುಕೊಂಡಳು. ಅದೇ ಹೊತ್ತಿಗೆ ಗೇಟಿನ ಸದ್ದಾಯಿತು. ಶ್ರೀವಾಣಿ ಮೇಡಂ ಪ್ರಸಾದದ ಪೊಟ್ಟಣ ಹಿಡಿದು ಅಂಗಳದಲ್ಲೇ ನಿಂತುಬಿಟ್ಟರು. ಮಗಳನ್ನು ಒಳಗೆ ಕಳಿಸಿದರು. ಸುಳ್ಳು ಹೇಳುವ ಪ್ರಯತ್ನವನ್ನೂ ಮಾಡಲಿಲ್ಲ.

ಅವರು ಹೇಳಿದ್ದು ಇಷ್ಟು. ಆ ತೋಟ ಶಾಲೆಗಳಿಗೆ ತೆರೆದ ವರ್ಷ ಮೊದಲ ತಂಡ ಕರೆದುಕೊಂಡು ಹೋದವರು ಅವರೇ. ಸಂಹಿತಾ ಆಗ ರೇಚಲ್‌ಳಷ್ಟೇ ಇದ್ದಳು. ಏನೂ ಗೊತ್ತಿಲ್ಲದೆ ಬೆಲ್ಲವನ್ನು ಮಗಳ ಬಾಯಿಗೆ ತಾವೇ ಇಟ್ಟರು. ಆಮೇಲೆ ವರ್ಷಗಟ್ಟಲೆ ಮನೆಯಲ್ಲಿ ಉಸಿರಾಡುವ ಗೊಂಬೆ. ಜೋಯಿಸರಲ್ಲಿ ಪ್ರಶ್ನೆ ಇಡಿಸಿದಾಗ ಹಾದಿ ತಿಳಿಯಿತು: ಒಂದು ಆಳು ಬಿಡುಗಡೆಯಾಗಬೇಕಾದರೆ ಬದಲಿ ಆಳು ಬರಬೇಕು. ಸ್ವಂತ ರಕ್ತದವರೇ ಕೈಯಾರೆ ಬೆಲ್ಲ ಕೊಟ್ಟು ಒಪ್ಪಿಸಬೇಕು. ಆ ಹೊತ್ತಿಗೆ ಯಾರ ಹೆಸರನ್ನು ಪಕ್ಕದಲ್ಲಿ ನಿಂತು ಹೇಳುತ್ತಾರೋ ಅವರು ಬಿಡುಗಡೆ. ಈಗ ಈ ಕಡೆಯ ಟೀಚರುಗಳಿಗೆಲ್ಲ ತೋಟದ ಕತೆ ಗೊತ್ತು. ತಮ್ಮ ಮಕ್ಕಳನ್ನು ಯಾರೂ ಕರೆತರುವುದಿಲ್ಲ. ಕತೆ ಗೊತ್ತಿಲ್ಲದವಳು ಬೇಕಿತ್ತು. ಹಿಂದೆ ಮುಂದೆ ಕೇಳುವವರಿಲ್ಲದವಳು ಬೇಕಿತ್ತು.

ಲೀನಾಳ ಕಿವಿಯಲ್ಲಿ ಸಂದರ್ಶನದ ಆ ಮೊದಲ ಪ್ರಶ್ನೆ ಮೊಳಗಿತು. ಆಸ್ಪತ್ರೆಯ ಕುರ್ಚಿ. ಕೊದ್ದೆಲಿನ ಡಬ್ಬಿ. ನೀಲಿ ಫ್ರಾಕ್. ಒಂದೂ ತನಗಾಗಿ ಅಲ್ಲ. ಡೆಂಗ್ಯೂ ಬಂದಾಗ ರಾತ್ರಿಯಿಡೀ ಕಾದದ್ದೂ ಮಗು ಸತ್ತರೆ ಬದಲಿ ತಪ್ಪಿಹೋಗುತ್ತದೆ ಎಂದು. ಹಬ್ಬಕ್ಕೆ ಕೊಬ್ಬಿಸುವ ಆಡಿಗೂ ಸೊಪ್ಪು ತಿನ್ನಿಸುವವರು ತಲೆ ಸವರುತ್ತಾರೆ. ಅವಳಿಗೆ ಸಿಟ್ಟಿಗಿಂತ ಹೆಚ್ಚಾಗಿ ಅವಮಾನವಾಯಿತು, ತನ್ನ ತಾಯಿ ಇದ್ದಿದ್ದರೆ ಹೀಗೇ ಇರುತ್ತಿದ್ದಳು ಎಂದು ಇಷ್ಟು ದಿನ ಈ ಹೆಂಗಸನ್ನು ನೋಡಿ ಅಂದುಕೊಂಡಿದ್ದಕ್ಕೆ.

“ನಿನಗೂ ನಾನು ದಾರಿ ಮಾಡಿಟ್ಟಿದ್ದೇನೆ” ಎಂದರು ಶ್ರೀವಾಣಿ ಮೇಡಂ, ದನಿ ತಗ್ಗಿಸಿ. “ಜೂನ್‌ನಲ್ಲಿ ಹೊಸ ಟೀಚರ್ ಬರ್ತಾರೆ, ಮೂಕಾಂಬಿಕಾ ಅಂತ. ಬಿಜಾಪುರದವರು, ಗಂಡ ಬಿಟ್ಟಿದ್ದಾನೆ. ಮಗಳು ಇದ್ದಾಳೆ. ನಿನಗೋಸ್ಕರವೇ ಆರಿಸಿದ್ದು.”

ಲೀನಾ ಕೇಳಿದ್ದು ಬೇರೆಯೇ.

“ಸ್ವಂತ ರಕ್ತ ಆದರೆ ಸಾಕು ಅಂದಿರಿ. ಮಗಳು ತಾಯಿಗೆ ಕೊಟ್ಟರೆ ಆಗುತ್ತದಾ?”

ಶ್ರೀವಾಣಿ ಮೇಡಂ ಪ್ರಸಾದದ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಸುಕುತ್ತಿದ್ದರು. “ಆಗುತ್ತದೆ.”

“ಹಾಗಾದರೆ ಇಷ್ಟು ವರ್ಷ ನೀವು ಯಾಕೆ ಹೋಗಲಿಲ್ಲ?”

“ಹೆದರಿಕೆ ಆಯಿತು” ಎಂದರು ಅವರು.

ಪರ್ಕಳಕ್ಕೆ ವಾಪಸ್ ಬರುವ ಬಸ್ಸಿನಲ್ಲಿ ಲೀನಾ ಜೂನ್ ತಿಂಗಳನ್ನೇ ಯೋಚಿಸಿದಳು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮೂಕಾಂಬಿಕಾ ಬರುತ್ತಾಳೆ. ಬಾಡಿಗೆ ಮನೆ ಹುಡುಕಿ ಕೊಡಬೇಕು. ಮಗುವಿಗೆ ಚಾಕಲೇಟ್ ಕೊಡಬೇಕು. ಯೋಚನೆ ಎಷ್ಟು ಸಲೀಸಾಗಿ ಮುಂದೆ ಹೋಯಿತೆಂದರೆ, ಆ ಕಾಣದ ಮಗುವಿಗೆ ಯಾವ ಬಣ್ಣದ ಫ್ರಾಕ್ ಒಪ್ಪುತ್ತದೆ ಎನ್ನುವಲ್ಲಿಗೆ ಬಂದು ಮುಟ್ಟಿತು. ಅಲ್ಲಿ ಅವಳು ಸೀಟಿನಿಂದ ಎದ್ದುಬಿಟ್ಟಳು. ಮಣಿಪಾಲದಲ್ಲಿ ಇಳಿದು, ಉಳಿದ ದಾರಿಯನ್ನು ನಡೆದೇ ಬಂದಳು.

ಬಾಯಿ ಮೊದಲು ಒಪ್ಪಲೇ ಇಲ್ಲ. ಹೆತ್ತ ಮಗಳ ಕೈಯಿಂದಲೇ ತಾಯಿಯನ್ನು ಮಾರಿಸುವ ಪಾಪಕ್ಕೆ ನನ್ನನ್ನು ಕರೆಯಬೇಡ ಎಂದು ಜಪಸರ ಹಿಡಿದು ಕೂತರು. ಅಷ್ಟರಲ್ಲಿ ಸಂಜೆಯಾಗಿ ರೇಚಲ್ ಅಂಗಳಕ್ಕೆ ಇಳಿದಳು. ಲೀನಾ ಅವಳ ಮುಂದೆ ಮಂಡಿಯೂರಿ ಕೂತು, ನಾನು ಯಾರು ಎಂದು ಕೇಳಿದಳು. ಮಗು ಅವಳನ್ನು ನೋಡಿತು. ಹೆದರಿ ಒಂದು ಹೆಜ್ಜೆ ಹಿಂದೆ ಸರಿದು, ತಲೆ ತಗ್ಗಿಸಿ, “ಹೊಡೀಬೇಡಿ, ಬೇಗ ಮಾಡ್ತೇನೆ” ಎಂದಿತು. ಬಾಯಿ ಜಪಸರ ಕೆಳಗಿಟ್ಟರು.

ಶಾಲೆಗಳಿಗೆ ರಜೆಯಿದ್ದ ದಿನ ನೋಡಿ ಹೊರಟರು. ಕಾರು ಬಾಯಿಯ ತಂಗಿಯ ಮಗ ಸ್ಯಾಮ್ಸನ್‌ನದು. ಅವನಿಗೆ ಹರಕೆ ಎಂದಷ್ಟೇ ಹೇಳಿದ್ದರು. ಬ್ಯಾಂಕಿನ ಪಾಸ್‌ಬುಕ್ಕು, ರೇಚಲ್‌ಳ ಜನನ ಪತ್ರ, ಎಲ್ಲವನ್ನೂ ಲೀನಾ ಬಾಯಿಯ ಕಪಾಟಿನಲ್ಲಿ ಇಟ್ಟು ಬಂದಿದ್ದಳು. ತನ್ನ ದೇಹ ವಾಪಸ್ ಬರುತ್ತದೆ, ಅದಕ್ಕೆ ಎರಡು ಹೊತ್ತು ಗಂಜಿ ಹಾಕಿದರೆ ಸಾಕು ಎಂದಿದ್ದಳು. ಒಂದು ಮಾತು ಮಾತ್ರ ಬಾಯಿಯಿಂದ ಆಣೆ ಹಾಕಿಸಿ ಪಡೆದಿದ್ದಳು: ಮಮ್ಮಿಗೆ ಬೆಲ್ಲ ಕೊಟ್ಟದ್ದು ತನ್ನ ಕೈಯೇ ಎಂದು ರೇಚಲ್‌ಳಿಗೆ ಎಂದೂ ತಿಳಿಯಬಾರದು. ಏನೂ ತಿಳಿಯದವಳ ಕೈಯಿಂದ ಕೊಡಿಸುವುದು. ಶ್ರೀವಾಣಿ ತನಗೆ ಮಾಡಿದ್ದೂ ಇದನ್ನೇ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದಳು.

ತಲುಪುವಾಗ ಬಿಸಿಲು ಇಳಿದಿತ್ತು. ತೋಟದಲ್ಲಿ ಹಕ್ಕಿಯ ಸದ್ದಿಲ್ಲ. ಹಾಲುವಾಣದ ಮರಗಳ ತುದಿಯವರೆಗೂ ಬಳ್ಳಿ ಹಬ್ಬಿ ಕೆಳಗೆ ಹಗಲಲ್ಲೇ ನೆರಳು ಕಪ್ಪಾಗಿತ್ತು. ಕಾರಿನಿಂದ ಇಳಿದ ರೇಚಲ್ ತವರಿಗೆ ಬಂದವಳಂತೆ ನಡೆದು ಮೆಟ್ಟಿಲ ಬಳಿ ನಿಂತಳು. ಜಗಲಿಯಲ್ಲಿ ತಟ್ಟೆ ಇತ್ತು. ಗಿಂಡಿ ಇತ್ತು. ಕಾವಲಿನವನು ಕಾಣಲಿಲ್ಲ. ಬೆಲ್ಲದ ಮೇಲೆ ಒಂದು ಇರುವೆಯೂ ಇರಲಿಲ್ಲ.

ಲೀನಾ ಒಂದು ಚೂರನ್ನು ಮಗಳ ಅಂಗೈಯಲ್ಲಿಟ್ಟಳು. ಬೆರಳುಗಳನ್ನು ಮಡಿಸಿದಳು. ಕೈ ತಣ್ಣಗಿತ್ತು.

“ಮಮ್ಮಿಗೆ ಕೊಡು ಪುತಾ” ಎಂದಳು ಕೊಂಕಣಿಯಲ್ಲಿ.

ರೇಚಲ್ ಅಲುಗಾಡಲಿಲ್ಲ. ಎಲ್ಲೋ ಗಂಟೆ ಹೊಡೆಯಿತು. ಸ್ಯಾಮ್ಸನ್ ಕಾರಿನಲ್ಲೇ ಇದ್ದ, ಗಂಟೆಯ ಹತ್ತಿರ ಯಾರೂ ಇರಲಿಲ್ಲ. ಗೋದಾಮಿನ ಒಳಗಿನಿಂದ ಅಷ್ಟು ಹೊತ್ತು ಬರುತ್ತಿದ್ದ ಸರಸರ ಸದ್ದು ನಿಂತಿತು. ಉಸಿರು ಕಟ್ಟಿ ಎಷ್ಟೋ ಜನ ಆಲಿಸುತ್ತಿದ್ದರು. ಲೀನಾ ಮತ್ತೆ ಕೇಳಿದಳು. ಬೇಡಿಕೊಂಡಳು. ಕೊನೆಗೆ ಆಳುಗಳಿಗೆ ಹೇಳುವ ಗಡಸು ದನಿಯಲ್ಲಿ, ಕೊಡು ಎಂದಳು. ಮಗಳ ಕೈ ಬೆದರಿ ಮೇಲೆದ್ದಿತು.

ಬಾಯಿ ಕಣ್ಣು ಮುಚ್ಚಿ ಹೆಸರು ಹೇಳತೊಡಗಿದರು. ರೇಚಲ್. ರೇಚಲ್. ರೇಚಲ್.

ಲೀನಾ ತಿಂದಳು. ಸಿಹಿ. ಬರೀ ಸಿಹಿ. ಆಮೇಲೆ ಗಂಟಲಲ್ಲಿ ಘಾಟು. ನೀರು ಕುಡಿದಳು. ಘಾಟು ಇಳಿಯಲಿಲ್ಲ. ಕಣ್ಣು ಮಂಜಾಯಿತು. ಮಂಜು ಸರಿದಾಗ ಬಳ್ಳಿಗಳ ನಡುವೆ ಜನ ಕಂಡರು. ಸಾಲು ಸಾಲು ಜನ. ಹೆಂಗಸರು, ಗಂಡಸರು, ಮಕ್ಕಳು. ಎಲ್ಲರ ತಲೆಗೆ ಮುಟ್ಟಾಳೆ. ಎಲ್ಲರ ಬೆರಳು ಕಪ್ಪು. ಒಬ್ಬರೂ ಮುಖ ಎತ್ತುವುದಿಲ್ಲ. ಆ ಸಾಲಿನ ಕೊನೆಯಲ್ಲಿ ಅವಳು. ಎರಡೂ ಮೊಣಕೈಯಲ್ಲಿ ತರಚಿದ ಗಾಯ. ರೇಚಲ್. ಅವಳ ಕೈಯ ಬುಟ್ಟಿ ಕೆಳಗೆ ಬಿತ್ತು. ಕಾಳು ಚೆಲ್ಲಿತು. ಅವಳು ಓಡಿದಳು. ಲೀನಾಳನ್ನು ದಾಟಿ, ಲೀನಾಳತ್ತ ನೋಡದೆ, ಬೆಳಕಿದ್ದ ಕಡೆಗೆ ಓಡಿದಳು. ಓಡು ಪುತಾ, ಓಡು ಎಂದು ಲೀನಾ ಕೂಗಿದಳು. ದನಿ ಹೊರಡಲಿಲ್ಲ. ಆದರೂ ಅವಳ ಎದೆ ತುಂಬಿಬಂತು. ಗೆದ್ದೆ ಎನಿಸಿತು.

ಬಿದ್ದಿದ್ದ ಬುಟ್ಟಿಯನ್ನು ಅವಳು ಎತ್ತಿಕೊಂಡಳು. ಚೆಲ್ಲಿದ್ದನ್ನು ಬಳಿದು ತುಂಬಿದಳು. ಅದು ಮುಗಿಯುವಷ್ಟರಲ್ಲಿ ಯಾರು ಓಡಿಹೋದದ್ದು ಎಂಬುದು ಸರಿಯಾಗಿ ನೆನಪಾಗಲಿಲ್ಲ. ಮುಂಬಯಿ ಹೋಯಿತು. ಮಸ್ಕತ್ ಹೋಯಿತು. ಗಂಡಸೊಬ್ಬನ ನಗು ಸ್ವಲ್ಪ ಹೊತ್ತು ಇತ್ತು, ಅದೂ ಹೋಯಿತು.

ಕೆಳಗೆ ಬಂಗಲೆಯ ಮುಂದೆ ಒಂದು ಕಾರು ಹೊರಡುತ್ತಿತ್ತು. ಹಿಂದಿನ ಸೀಟಿನಲ್ಲಿ ಒಬ್ಬಳು ಪುಟ್ಟ ಹುಡುಗಿ, ಪಕ್ಕದಲ್ಲಿ ಕೂತ ಹೆಂಗಸಿನ ತೋಳು ಹಿಡಿದು ಅಲುಗಾಡಿಸುತ್ತಾ, ಮಮ್ಮಿ, ಮಮ್ಮಿ, ನನ್ನ ಹತ್ತಿರ ಯಾಕೆ ಮಾತಾಡುವುದಿಲ್ಲ ಎಂದು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಹೆಂಗಸು ಮುಖ ತಿರುಗಿಸಲಿಲ್ಲ. ಎದುರಿಗೆ ನೋಡುತ್ತಾ ಸುಮ್ಮನೆ ಕೂತಿದ್ದಳು.

ಮೆಣಸಿನ ಬಳ್ಳಿಯ ಬುಡದಲ್ಲಿ ನಿಂತು ಲೀನಾ ಅದನ್ನು ನೋಡಿದಳು. ಅಷ್ಟು ಅಳುವ ಮಗುವನ್ನು ಒಮ್ಮೆಯೂ ತಿರುಗಿ ನೋಡದ ಇವಳೆಂಥ ತಾಯಿ ಎಂದುಕೊಂಡಳು. ಆ ಮಗುವಿನ ಮೇಲೆ ಅವಳಿಗೆ ಕರುಣೆ ಬಂತು. ಆಮೇಲೆ ಹಿಂದಿನಿಂದ ಯಾರೋ ಗದರಿದರು, ಅವಳು ಬಳ್ಳಿಗೆ ಕೈ ಹಾಕಿದಳು.